ಸುರಂಗ ಎಷ್ಟು ಜಾಗ ಬಿಡುತ್ತೋ, ರೈಲು ಅಷ್ಟೇ

ಇವತ್ತಿನ ಕಥೆ ರೈಲಿನದು. ಆದರೆ ಶುರು ಮಾಡೋದು ಒಂದು ಹುಲ್ಲಿನ ಟ್ರ್ಯಾಕ್ಟರ್‌ನಿಂದ.

ನನ್ನೂರು ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ. ಕೆರೆ ಪಕ್ಕದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ ಇದೆ, 1113ರ ಸುಮಾರಿನದು. ಬೇಲೂರು, ಹಳೇಬೀಡಿಗೆ ಹೋಗೋ ಪ್ರವಾಸಿಗರಲ್ಲಿ ಕೆಲವರು ನಮ್ಮೂರಿಗೂ ಬಂದು ಫೋಟೋ ತೆಗೆದು ಹೋಗ್ತಾರೆ. ರೈಲು ಮಾತ್ರ ನಮ್ಮೂರ ಹತ್ತಿರ ಬರಲ್ಲ. ಅದಕ್ಕೆ ಹಾಸನಕ್ಕೇ ಹೋಗಬೇಕು.

ಒಂದು ವರ್ಷ ದನಗಳಿಗೆ ಹುಲ್ಲು ಸಾಕಾಗದೆ, ಚಿಕ್ಕಪ್ಪನ ಜೊತೆ ಹಾಸನದ ಆಚೆ ಹೋಗಿ ರಾಗಿ ಹುಲ್ಲು ತಂದ್ವಿ. ಎರಡು ಸಲ ಹೋಗೋದು ಯಾಕೆ, ಡೀಸೆಲ್ ದಂಡ ಅಂತ ಟ್ರೇಲರ್ ಮೇಲೆ ಗೋಪುರದ ಹಾಗೆ ಹೇರಿದ್ವಿ. ವಾಪಸ್ ಬರೋವಾಗ ಒಂದು ರೈಲ್ವೆ ಗೇಟ್. ಗೇಟಿಗಿಂತ ಸ್ವಲ್ಪ ಮುಂಚೆ, ರಸ್ತೆಗೆ ಅಡ್ಡಲಾಗಿ ಮೇಲೆ ಒಂದು ಕಬ್ಬಿಣದ ಕಮಾನು. ಅದರಲ್ಲಿ ಹುಲ್ಲು ಸಿಕ್ಕಿಹಾಕ್ಕೊಂಡಿತು. ಹಿಂದೆ ಲಾರಿಗಳ ಸಾಲು, ಹಾರ್ನು, ಬೈಗುಳ. ನಾನು, "ಚಿಕ್ಕಪ್ಪ, ಸ್ವಲ್ಪ ಜೋರಾಗಿ ಎಳೀರಿ, ಪಾರಾಗುತ್ತೆ" ಅಂದೆ. ಚಿಕ್ಕಪ್ಪ ಟ್ರ್ಯಾಕ್ಟರ್ ಇಳಿದು ಮೇಲೆ ನೋಡಿ, "ಕಬ್ಬಿಣ ಬಗ್ಗಲ್ಲ ಕಣೋ. ನಾವೇ ಇಳಿಸ್ಬೇಕು" ಅಂದರು. ಮೇಲಿನ ಎರಡು ಸಾಲು ಹುಲ್ಲು ಇಳಿಸಿ, ಗೇಟ್ ದಾಟಿ, ಆ ಹುಲ್ಲನ್ನ ತಲೆ ಮೇಲೆ ಹೊತ್ತು ತಂದು ಮತ್ತೆ ಹೇರಿದ್ವಿ. ಒಂದೂವರೆ ಗಂಟೆ ಹೋಯ್ತು.

ಆ ಕಮಾನಿಗೆ ಹೈಟ್ ಗೇಜ್ ಅಂತಾರೆ. ರೈಲ್ವೆ ಗೇಟಿನ ಮೇಲೆ 25,000 ವೋಲ್ಟ್‌ನ ವಿದ್ಯುತ್ ತಂತಿ ಹಾದು ಹೋಗುತ್ತಲ್ಲ, ನಮ್ಮ ಹೇರು ಅದರ ಹತ್ತಿರಕ್ಕೆ ಹೋಗಬಾರದು ಅಂತ 4.67 ಮೀಟರ್ ಎತ್ತರಕ್ಕೆ ಕಟ್ಟಿರೋ ಮಿತಿ ಅದು. ಅವತ್ತು ನನಗೆ ಸಿಟ್ಟೇ ಬಂದಿತ್ತು. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಇದೇ ಥರದ ಕಮಾನು ಪ್ರತಿಯೊಂದು ರೈಲಿನ ಮುಂದೂ ಇದೆ. ಕಣ್ಣಿಗೆ ಕಾಣಲ್ಲ ಅಷ್ಟೇ. ನಮ್ಮ ಜಿಲ್ಲೆಯ ಜನ ಹನ್ನೊಂದು ವರ್ಷ ಮಂಗಳೂರಿನ ರೈಲಿಲ್ಲದೆ ಇದ್ದರಲ್ಲ, ಆ ಕಥೆಗೂ ಅದೇ ಕಮಾನಿಗೂ ಸಂಬಂಧ ಇದೆ.

ಕಾಣದ ಪೆಟ್ಟಿಗೆ

ರೈಲು ಎಲ್ಲಿ ಬೇಕಾದರೂ ಓಡಬೇಕಾದರೆ ಏನು ಬೇಕು? ಹಳಿ ಬೇಕು, ಹಳಿಗಳ ನಡುವಿನ ಅಂತರ ಚಕ್ರಕ್ಕೆ ಸರಿಹೊಂದಬೇಕು ಅಂತ ಎಲ್ಲರೂ ಹೇಳ್ತೀವಿ. ಆ ಅಂತರವೇ ಗೇಜ್. ನಮ್ಮಲ್ಲಿ ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್, ಮೀಟರ್‌ಗೇಜ್ ಅಂದರೆ ಹೆಸರೇ ಹೇಳೋ ಹಾಗೆ 1,000 ಮಿಲಿಮೀಟರ್.

ಆದರೆ ಗೇಜ್ ಸರಿಯಿದ್ದ ಮಾತ್ರಕ್ಕೆ ರೈಲು ಹೋಗಲ್ಲ. ರೈಲಿನ ಸುತ್ತ ಒಂದು ಪೆಟ್ಟಿಗೆ ಊಹಿಸ್ಕೊಳ್ಳಿ. ಅಗಲ ಇಷ್ಟು, ಎತ್ತರ ಇಷ್ಟು. ಆ ಪೆಟ್ಟಿಗೆಯೊಳಗೆ ಪ್ಲಾಟ್‌ಫಾರ್ಮಿನ ಅಂಚು ಬರಬಾರದು, ಸಿಗ್ನಲ್ ಕಂಬ ಬರಬಾರದು, ಸೇತುವೆಯ ಕಮಾನು, ಸುರಂಗದ ಗೋಡೆ ಬರಬಾರದು. ಹಾಗೇ ರೈಲಿನ ಯಾವ ಭಾಗವೂ ಆ ಪೆಟ್ಟಿಗೆಯಿಂದ ಆಚೆ ಚಾಚಬಾರದು. ಇದನ್ನ ಲೋಡಿಂಗ್ ಗೇಜ್ ಅಂತಾರೆ. ಹಳೇ ಗೂಡ್ಸ್ ಯಾರ್ಡ್‌ಗಳಲ್ಲಿ ಇದಕ್ಕೆ ಅಂತಾನೇ ಹಳಿಯ ಮೇಲೆ ಒಂದು ಚೌಕಟ್ಟು ನೇತು ಹಾಕ್ತಿದ್ದರು. ಸರಕು ಹೇರಿದ ವ್ಯಾಗನ್ ಅದರ ಕೆಳಗೆ ತಾಗದೆ ಹೋದರೆ ಮಾತ್ರ ಮುಂದಕ್ಕೆ. ನಮ್ಮ ಹುಲ್ಲಿನ ಟ್ರ್ಯಾಕ್ಟರ್‌ಗೆ ಆದ ಪರೀಕ್ಷೆಯೇ.

ಈಗ ಅಂಕಿ ನೋಡಿ. ಭಾರತದ ಬ್ರಾಡ್‌ಗೇಜ್‌ನಲ್ಲಿ ಆ ಪೆಟ್ಟಿಗೆ 3.25 ಮೀಟರ್ ಅಗಲ, ಮಧ್ಯದಲ್ಲಿ ಸುಮಾರು 4.26 ಮೀಟರ್ ಎತ್ತರ. ಮೀಟರ್‌ಗೇಜ್‌ನಲ್ಲಿ ಸುಮಾರು 2.74 ಮೀಟರ್ ಅಗಲ, 3.43 ಮೀಟರ್ ಎತ್ತರ. ಎರಡನ್ನೂ ಗುಣಿಸಿ ನೋಡಿದರೆ ಬ್ರಾಡ್‌ಗೇಜ್ ಪೆಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ದೊಡ್ಡದು. ಮೀಟರ್‌ಗೇಜ್ ಅಳತೆಗೆ ಬಿಗಿಯಾಗಿ ಕೊರೆದ ಸುರಂಗದಲ್ಲಿ ಬ್ರಾಡ್‌ಗೇಜ್ ಹಳಿ ಹಾಕಿಬಿಡಬಹುದು, ಹಳಿಗೆ ಬೇಕಾದಷ್ಟು ಜಾಗ ಇರುತ್ತೆ. ಆದರೆ ಡಬ್ಬಿಯ ಭುಜ, ತಲೆ ಗೋಡೆಗೆ ಉಜ್ಜುತ್ತೆ.

ಗೇಜ್ ಬೇರೆ, ಪೆಟ್ಟಿಗೆ ಬೇರೆ ಅನ್ನೋದಕ್ಕೆ ಮೂರು ಉದಾಹರಣೆ ಹೇಳ್ತೀನಿ. ಜಪಾನಿನ ಬುಲೆಟ್ ರೈಲು ಶಿಂಕಾನ್‌ಸೆನ್ ಓಡೋದು 1,435 ಮಿಲಿಮೀಟರ್ ಹಳಿ ಮೇಲೆ, ನಮ್ಮದಕ್ಕಿಂತ ಕಿರಿದು. ಆದರೆ ಅದರ ಡಬ್ಬಿ ಸುಮಾರು 3.38 ಮೀಟರ್ ಅಗಲ, ನಮ್ಮ ಎಕ್ಸ್‌ಪ್ರೆಸ್ ಡಬ್ಬಿಗಿಂತ ಹೆಚ್ಚು. ನಮ್ಮ ಮೆಟ್ರೋ ಕೂಡ ಅದೇ 1,435ರ ಹಳಿ ಮೇಲೆ ಓಡುತ್ತೆ, ಆದರೆ ಅದರ ಡಬ್ಬಿಯ ಅಗಲ ಸುಮಾರು 2.88 ಮೀಟರ್ ಮಾತ್ರ. ಮೂರನೇದು ಮುಂಬೈ ಲೋಕಲ್. ಅದು ಹಾಸನದ ರೈಲಿನ ಹಾಗೇ ಬ್ರಾಡ್‌ಗೇಜ್. ಆದರೆ ಡಬ್ಬಿ 3.66 ಮೀಟರ್, ಅಂದರೆ 12 ಅಡಿ ಅಗಲ. ಅಷ್ಟು ಅಗಲದ ಗಾಡಿಗೆ ಅಂತಾನೇ ಜಾಗ ಬಿಟ್ಟಿರೋ ಉಪನಗರ ಮಾರ್ಗಗಳಲ್ಲಿ ಮಾತ್ರ ಓಡಬಹುದು. ಚಕ್ರ ಒಂದೇ, ಹಳಿ ಒಂದೇ, ಆದರೂ ಮುಂಬೈ ಲೋಕಲ್‌ನ ತಂದು ಹಾಸನದ ಪ್ಲಾಟ್‌ಫಾರ್ಮಿಗೆ ನಿಲ್ಲಿಸೋಕೆ ಆಗಲ್ಲ.

ಮನುಷ್ಯನಾದರೆ ಹಳೇ ಮನೆಯ ಕುಳ್ಳ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗ್ತಾನೆ. ರೈಲು ಬಗ್ಗಲ್ಲ.

ಮೀಟರ್‌ಗೇಜ್ ನಮಗೆ ಬಂದ ಬಗೆ

ಈ ಎರಡು ಅಳತೆ ಎಲ್ಲಿಂದ ಬಂದವು? 1850ರ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಭಾರತಕ್ಕೆ ಐದೂವರೆ ಅಡಿ ಗೇಜ್ ನಿಗದಿಯಾಯ್ತು. ಇಡೀ ದೇಶಕ್ಕೆ ಒಂದೇ ಗೇಜ್ ಇರಲಿ ಅನ್ನೋದು ಆಗಿನ ಆಸೆ. 1870ರ ಹೊತ್ತಿಗೆ ವೈಸ್‌ರಾಯ್ ಮೇಯೋ ಕಾಲದಲ್ಲಿ ಲೆಕ್ಕ ಬದಲಾಯ್ತು. ಬ್ರಾಡ್‌ಗೇಜ್ ದುಬಾರಿ, ಕಡಿಮೆ ದುಡ್ಡಲ್ಲಿ ಜಾಸ್ತಿ ದೂರ ಹಳಿ ಹಾಕಬೇಕು ಅಂತ ಮೀಟರ್‌ಗೇಜ್ ಒಪ್ಪಿಕೊಂಡರು. ಸಣ್ಣ ಗಾಡಿ, ಸಣ್ಣ ಸೇತುವೆ, ಸಣ್ಣ ಸುರಂಗ, ಸಣ್ಣ ಖರ್ಚು.

ಬೆಂಗಳೂರಿಗೆ ಮೊದಲು ಬಂದದ್ದು ಬ್ರಾಡ್‌ಗೇಜ್. 1864ರಲ್ಲಿ ಜೋಲಾರ್‌ಪೇಟೆ ಕಡೆಯಿಂದ ಕಂಟೋನ್ಮೆಂಟ್‌ಗೆ ಬಂತು. ಆದರೆ ಮೈಸೂರು ಸಂಸ್ಥಾನದ ಒಳಗೆ ಹೋದದ್ದು ಮೀಟರ್‌ಗೇಜ್. 1876–78ರ ಭೀಕರ ಬರದ ಕಾಲದಲ್ಲಿ ಜನಕ್ಕೆ ಕೂಲಿ ಕೊಡೋಕೆ ಅಂತ ಬೆಂಗಳೂರು–ಮೈಸೂರು ದಾರಿಯ ಕೆಲಸ ನಡೀತು, 1882ರ ಹೊತ್ತಿಗೆ ಮೈಸೂರು ತಲುಪಿತು. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ದಶಕದಲ್ಲಿ ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹಳಿ ಬಂತು. ಅದೂ ಮೀಟರ್‌ಗೇಜೇ.

ಹೀಗಾಗಿ ಒಂದೇ ಬೆಂಗಳೂರಲ್ಲಿ ಒಂದು ಕಡೆ ಬ್ರಾಡ್‌ಗೇಜ್, ಇನ್ನೊಂದು ಕಡೆ ಮೀಟರ್‌ಗೇಜ್. ಹಾಸನದ ಕಡೆಯಿಂದ ಮದ್ರಾಸಿಗೆ ಮೂಟೆ ಹೋಗಬೇಕಾದರೆ ನಡುವೆ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದು ಡಬ್ಬಿಗೆ ಹೇರಬೇಕು. ಇಳಿಸೋದು, ಹೊರೋದು, ಹೇರೋದು. ರೈಲ್ವೆ ಗೇಟಿನ ಹತ್ತಿರ ನಾವು ಒಂದೂವರೆ ಗಂಟೆ ಮಾಡಿದ ಕೆಲಸವನ್ನ ಹಮಾಲರು ತಲೆಮಾರುಗಟ್ಟಲೆ ಮಾಡಿದ್ದಾರೆ.

ಬೆಟ್ಟಕ್ಕೆ 57 ತೂತು

ಹಾಸನದಿಂದ ಮಂಗಳೂರಿಗೆ ರೈಲು ಅನ್ನೋದು ಬಹಳ ಹಳೇ ಕನಸು. ಸ್ವಾತಂತ್ರ್ಯ ಬಂದ ಮೇಲೆ, 1960ರ ದಶಕದಲ್ಲಿ ಕೆಲಸ ಶುರುವಾಯ್ತು. ಮಂಗಳೂರಿನಲ್ಲಿ ದೊಡ್ಡ ಬಂದರು ಬರ್ತಾ ಇತ್ತು, ಒಳನಾಡಿನಿಂದ ಅದಕ್ಕೆ ದಾರಿ ಬೇಕಿತ್ತು. ಒಟ್ಟು 189 ಕಿಲೋಮೀಟರ್. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಪಶ್ಚಿಮ ಘಟ್ಟದ ಇಳಿಜಾರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಈ ಹೆಸರುಗಳನ್ನ ರೀಲ್ಸ್‌ನಲ್ಲಿ ಕೇಳಿರ್ತೀರಿ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದಕ್ಕೆ ಹೋದರೆ 1 ಮೀಟರ್ ಮೇಲಕ್ಕೆ. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ಕಡಿದಾದ ಬೆಟ್ಟ. ಭಾರದ ಗಾಡಿಗಳಿಗೆ ಹಿಂದಿನಿಂದ ತಳ್ಳೋಕೆ ಹೆಚ್ಚುವರಿ ಎಂಜಿನ್ ಬೇಕು.

1979ರಲ್ಲಿ ಈ ದಾರಿ ಪೂರ್ತಿಯಾಯ್ತು, ಮೀಟರ್‌ಗೇಜ್‌ನಲ್ಲಿ. ಆ ವರ್ಷ ಗಮನಿಸಿ. ಹಾಸನದ ಸುತ್ತ ಇದ್ದದ್ದೆಲ್ಲ ಮೀಟರ್‌ಗೇಜ್ ಆದ್ದರಿಂದ ಅದಕ್ಕೇ ಸೇರೋ ಹಾಗೆ ಮಾಡಿದ್ದು ಆಗ ಸಹಜವೇ. ಆದರೆ ಅಲ್ಲಿಂದ 13 ವರ್ಷಕ್ಕೆ, 1992ರಲ್ಲಿ, ದೇಶದ ಮೀಟರ್‌ಗೇಜ್ ದಾರಿಗಳನ್ನ ಬ್ರಾಡ್‌ಗೇಜ್ ಮಾಡೋ ಯೂನಿಗೇಜ್ ಯೋಜನೆ ಬಂತು. ಆಗ ರೈಲ್ವೆ ಸಚಿವರಾಗಿದ್ದವರು ನಮ್ಮ ಕರ್ನಾಟಕದವರೇ, ಸಿ.ಕೆ. ಜಾಫರ್ ಷರೀಫ್. ಬೆಂಗಳೂರು–ಮೈಸೂರು ಬದಲಾಯ್ತು, ಅರಸೀಕೆರೆ–ಹಾಸನ–ಮೈಸೂರು ಬದಲಾಯ್ತು. ಸುತ್ತಮುತ್ತ ಎಲ್ಲ ದೊಡ್ಡ ಪೆಟ್ಟಿಗೆಯಾದ ಮೇಲೆ ಘಾಟಿಯ ಸಣ್ಣ ಪೆಟ್ಟಿಗೆ ಒಂಟಿಯಾಯ್ತು. ಹಳೇ ಗಾಡಿಗೆ ಬಿಡಿಭಾಗ ಸಿಗಲ್ಲ, ಹೊಸ ಗಾಡಿಗೆ ದಾರಿ ಇಲ್ಲ. ಕೊನೆಗೆ 1996ರಲ್ಲಿ ಪರಿವರ್ತನೆಗೆ ಅಂತ ಆ ದಾರಿಯೂ ಮುಚ್ಚಿತು.

ಹನ್ನೊಂದು ವರ್ಷ

ನಮ್ಮ ಅತ್ತೆಯನ್ನ ಕೊಟ್ಟಿದ್ದು ಸುಬ್ರಹ್ಮಣ್ಯದ ಕಡೆಗೆ. ನಾನು ಆಗ ತೊಡೆ ಮೇಲಿನ ಕೂಸು, ನನಗೆ ಮೀಟರ್‌ಗೇಜ್ ರೈಲಿನ ನೆನಪಿಲ್ಲ. ತಾತ ಹೇಳ್ತಿದ್ದರು, "ಎದುರಾ ಬದುರಾ ಕೂತ್ರೆ ಮಂಡಿಗೆ ಮಂಡಿ ತಾಗೋದು, ಸುರಂಗ ಬಂದಾಗ ಮಕ್ಕಳೆಲ್ಲ ಕೂಗೋವು" ಅಂತ. ರೈಲು ನಿಂತ ಮೇಲೆ ಉಳಿದದ್ದು ಶಿರಾಡಿ ಘಾಟಿಯ ಬಸ್ಸು. ನಮ್ಮ ಅಜ್ಜಿಗೆ ಬಸ್ಸು ಆಗ್ತಿರಲಿಲ್ಲ. ಸಕಲೇಶಪುರ ದಾಟ್ತಿದ್ದ ಹಾಗೇ ವಾಂತಿ. ನಿಂಬೆಹಣ್ಣು, ಶುಂಠಿ, ಕಿಟಕಿ ಸೀಟು, ಏನು ಮಾಡಿದರೂ ಅಷ್ಟೇ. ವರ್ಷಕ್ಕೆ ಎರಡು ಮೂರು ಸಲ ಮಗಳನ್ನ ನೋಡೋಕೆ ಹೋಗ್ತಿದ್ದವರು, ರೈಲು ನಿಂತ ಮೇಲೆ ಬಾಣಂತನಕ್ಕೆ ಅಂತ ಒಂದೇ ಒಂದು ಸಲ ಹೋದರು. ಉಳಿದಂತೆ ಅತ್ತೆಯೇ ಬರಬೇಕಿತ್ತು.

"ಇನ್ನೇನು ಮುಂದಿನ ವರ್ಷ ಬಿಡ್ತಾರಂತೆ" ಅನ್ನೋ ಮಾತು ಪ್ರತಿ ವರ್ಷ ಇತ್ತು. ಹಳಿಗಳ ನಡುವೆ ಹೆಚ್ಚಬೇಕಾದದ್ದು 676 ಮಿಲಿಮೀಟರ್. ಒಂದು ಮೊಳ, ಅದರ ಮೇಲೆ ಅರ್ಧ ಮೊಳ, ಅಷ್ಟೇ ತಾನೇ? ಅದಕ್ಕೆ ಇಷ್ಟು ವರ್ಷ ಯಾಕೆ ಅಂತ ಊರಲ್ಲಿ ಜನ ಬೈತಿದ್ದರು.

ದುಡ್ಡಿನ ಕೊರತೆ ಇತ್ತು, ಅದು ನಿಜ. 2003ರಲ್ಲಿ ಈ ಒಂದು ದಾರಿಗೆ ಅಂತಾನೇ ರೈಲ್ವೆ, ರಾಜ್ಯ ಸರ್ಕಾರ ಮತ್ತಿತರರು ಸೇರಿ ಹಾಸನ ಮಂಗಳೂರು ರೈಲ್ ಡೆವಲಪ್‌ಮೆಂಟ್ ಕಂಪನಿ ಅನ್ನೋ ಸಂಸ್ಥೆ ಮಾಡಬೇಕಾಯ್ತು. ಆದರೆ ದುಡ್ಡು ಬಂದ ಕೂಡಲೇ ಮುಗಿಯೋ ಕೆಲಸವೂ ಅದಾಗಿರಲಿಲ್ಲ. ಬಯಲಲ್ಲಿ ಗೇಜ್ ಬದಲಾಯಿಸೋದು ಅಂದರೆ ಹಳೇ ಹಳಿ ಕಿತ್ತು ಹೊಸದು ಹಾಕೋದು. ಘಾಟಿಯಲ್ಲಿ ಪೂರ್ತಿ ಪೆಟ್ಟಿಗೆಯನ್ನೇ ಬದಲಾಯಿಸಬೇಕು. 57 ಸುರಂಗದಲ್ಲಿ ಒಂದೊಂದರ ಗೋಡೆ, ಚಾವಣಿಯೂ ದೊಡ್ಡ ಗಾಡಿಯ ಅಳತೆಗೆ ಸರಿಯಿದೆಯಾ ನೋಡಬೇಕು. ಸೇತುವೆಗಳು ಹೆಚ್ಚಿನ ಭಾರ ತಡೀಬೇಕು. 56 ಸುರಂಗ ಸರಿಯಿದ್ದು ಒಂದೇ ಒಂದು ಕಿರಿದಾಗಿದ್ದರೂ ಆ ದಾರಿಯ ಅಳತೆ ಆ ಒಂದು ಸುರಂಗದ್ದೇ. ಸರಪಳಿಯ ಬಲ ಅದರ ಸೋತ ಕೊಂಡಿಯಷ್ಟೇ ಅನ್ನೋ ಹಾಗೆ.

ಹಾಗಾದರೆ ಎಲ್ಲಾ ಕಡೆ ಅಗಲವಾಗಿ ಕೊರೆದುಬಿಡಬಾರದಾ? ಬೆಟ್ಟ ಬಿಡಬೇಕಲ್ಲ. ಮಲೆನಾಡಿನ ಮಳೆಗೆ ಆ ಮಣ್ಣು ನಿಲ್ಲಲ್ಲ. 2018ರ ಆಗಸ್ಟ್‌ನಲ್ಲಿ ಇದೇ ಘಾಟಿಯಲ್ಲಿ ಸಾಲು ಸಾಲು ಗುಡ್ಡ ಕುಸಿದು ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಇಲ್ಲಿ ಒಂದಡಿ ಜಾಸ್ತಿ ಕೆತ್ತೋದು ಅಂದರೆ ಮೇಲಿನ ಗುಡ್ಡವನ್ನ ಒಂದಡಿ ಜಾಸ್ತಿ ಕೆಣಕಿದ ಹಾಗೆ.

ಕೊನೆಗೆ ಮೊದಲು ಗೂಡ್ಸ್ ಗಾಡಿ ಬಿಟ್ಟರು. 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಶುರುವಾಯ್ತು. ಹನ್ನೊಂದು ವರ್ಷ. ಒಂದನೇ ಕ್ಲಾಸಿಗೆ ಸೇರಿದ ಮಗು ಪಿಯುಸಿ ಮುಗಿಸೋ ಹೊತ್ತು.

ಹಗಲು ರೈಲು ಬಂದ ಮೇಲೆ ಅಜ್ಜಿಯನ್ನ ಕರ್ಕೊಂಡು ಹೋದ್ವಿ. ಅಷ್ಟು ಹೊತ್ತಿಗೆ ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಿಸೋಕೆ ಇಬ್ಬರು ಬೇಕಾಯ್ತು. ಕಿಟಕಿ ಪಕ್ಕ ಕೂತು ಒಂದೊಂದು ಸುರಂಗ ಬಂದಾಗಲೂ ಆಚೆ ನೋಡ್ತಿದ್ದರು. ಮೂರೋ ನಾಲ್ಕೋ ಆದ ಮೇಲೆ, "ಗೋಡೆ ಹತ್ರ ಬಂದಂಗಿದೆ ಕಣೋ" ಅಂದರು. ಗೋಡೆ ಬಂದಿತ್ತೋ, ಡಬ್ಬಿ ದಪ್ಪ ಆಗಿತ್ತೋ. ನನಗೆ ಆಗ ನಗು ಬಂತು. ಈಗ ಯೋಚಿಸಿದರೆ ಲೋಡಿಂಗ್ ಗೇಜ್ ಬಗ್ಗೆ ನನಗೆ ಮೊದಲ ಪಾಠ ಹೇಳಿದ್ದೇ ಅಜ್ಜಿ.

ತಿರುವಿನಲ್ಲಿ ಬಾಲ ಆಡಿಸೋ ಡಬ್ಬಿ

ಇನ್ನೊಂದು ವಿಷಯ ಇದೆ. ನೇರ ದಾರಿಯಲ್ಲಿ ಸರಿಹೋಗೋ ಡಬ್ಬಿ ತಿರುವಿನಲ್ಲಿ ಸರಿಹೋಗಬೇಕು ಅಂತಿಲ್ಲ. ಚಿಕ್ಕ ಓಣಿಯಲ್ಲಿ ಉದ್ದದ ಏಣಿ ತಿರುಗಿಸಿದವರಿಗೆ ಇದು ಗೊತ್ತು. ರೈಲಿನ ಡಬ್ಬಿ ಎರಡು ಕಡೆ ಬೋಗಿ ಮೇಲೆ ಕೂತಿರುತ್ತೆ, ಬೋಗಿ ಅಂದರೆ ಚಕ್ರದ ಗಾಡಿ. ಹಳಿ ಬಾಗಿದರೂ ಡಬ್ಬಿ ಬಾಗಲ್ಲ, ಅದು ನೇರ ಕೋಲು. ಹಾಗಾಗಿ ಡಬ್ಬಿಯ ನಡುಭಾಗ ತಿರುವಿನ ಒಳಕ್ಕೆ ಸರಿಯುತ್ತೆ, ಎರಡು ತುದಿಗಳು ಹೊರಕ್ಕೆ ಚಾಚುತ್ತೆ.

ನೀಲಿ ಬಣ್ಣದ ಹಳೇ ಐಸಿಎಫ್ ಡಬ್ಬಿಯ ಉದ್ದ 21.3 ಮೀಟರ್. ಈಗ ಬರ್ತಿರೋ ಎಲ್‌ಎಚ್‌ಬಿ ಡಬ್ಬಿ 23.5 ಮೀಟರ್. ಬೋಗಿಗಳ ನಡುವಿನ ಅಂತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 15 ಮೀಟರ್ ಹತ್ತಿರ. ಅಂದರೆ ಹೊಸ ಡಬ್ಬಿಯ ತುದಿಗಳು ಜಾಸ್ತಿ ಚಾಚಿವೆ. ಲೆಕ್ಕಕ್ಕೆ 175 ಮೀಟರ್ ತ್ರಿಜ್ಯದ ಬಿಗಿ ತಿರುವು ಅಂತ ಇಟ್ಕೊಳ್ಳಿ. ಹಳೇ ಡಬ್ಬಿಯ ತುದಿ ಸುಮಾರು 17 ಸೆಂಟಿಮೀಟರ್ ಆಚೆ ಹೋದರೆ, ಹೊಸದರ ತುದಿ ಸುಮಾರು 24 ಸೆಂಟಿಮೀಟರ್ ಹೋಗುತ್ತೆ. ಏಳು ಸೆಂಟಿಮೀಟರ್ ವ್ಯತ್ಯಾಸ. ಬಯಲಲ್ಲಿ ಯಾರಿಗೂ ಗೊತ್ತಾಗಲ್ಲ. ತಿರುವಿನಲ್ಲೇ ಸುರಂಗ ಇದ್ದರೆ, ಹಳಿ ಒಂದು ಕಡೆಗೆ ವಾಲಿದ್ದರೆ, ಸ್ಪ್ರಿಂಗ್ ಮೇಲೆ ಡಬ್ಬಿ ತೂಗಾಡ್ತಿದ್ದರೆ, ಆ ಏಳು ಸೆಂಟಿಮೀಟರಿಗೆ ಬೆಲೆ ಬರುತ್ತೆ. ಅದಕ್ಕೇ ತಿರುವು ಬಿಗಿಯಾದಷ್ಟೂ ಅಕ್ಕಪಕ್ಕ ಹೆಚ್ಚು ಜಾಗ ಬಿಡಬೇಕು ಅನ್ನೋದು ರೈಲ್ವೆ ನಿಯಮ.

2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ದಾರಿಗೆ ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಡಬ್ಬಿ ಬಂತು. ಅದೂ ಎಲ್‌ಎಚ್‌ಬಿ. ಗಾಜಿನ ಚಾವಣಿಯಿಂದ ಮೇಲೆ ನೋಡೋವಾಗ ಸುರಂಗದ ಕಲ್ಲು ತಲೆ ಮೇಲೇ ಓಡುತ್ತಲ್ಲ, ಆ ಖಾಲಿ ಜಾಗವನ್ನ ಒಮ್ಮೆ ಗಮನಿಸಿ. ಅದು ಸುಮ್ಮನೆ ಉಳಿದ ಜಾಗ ಅಲ್ಲ. ಯಾರೋ ಅಳೆದು, ಲೆಕ್ಕ ಹಾಕಿ ಬಿಟ್ಟಿದ್ದು.

ತಂತಿಗೂ ಜಾಗ ಬೇಕು

"ಬೆಂಗಳೂರು–ಮಂಗಳೂರಿಗೆ ವಂದೇ ಭಾರತ್ ಯಾಕಿಲ್ಲ?" ಅನ್ನೋ ಪ್ರಶ್ನೆ ಬಹಳ ವರ್ಷ ಇತ್ತಲ್ಲ, ಅದಕ್ಕೂ ಈ ಪೆಟ್ಟಿಗೆಯೇ ಒಂದು ಉತ್ತರ. ವಂದೇ ಭಾರತ್ ಪೂರ್ತಿ ವಿದ್ಯುತ್ ರೈಲು, ತಂತಿ ಇಲ್ಲದೆ ಓಡಲ್ಲ. ತಂತಿ ಬಂತು ಅಂದರೆ ಪೆಟ್ಟಿಗೆಯ ಎತ್ತರ ಮತ್ತೆ ಬೆಳೆಯಿತು ಅಂತಲೇ ಅರ್ಥ. ಡಬ್ಬಿಯ ತಲೆಯ ಮೇಲೆ ತಂತಿ, ತಂತಿಗೂ ಚಾವಣಿಗೂ ನಡುವೆ ಕಾಲು ಮೀಟರಿನಷ್ಟಾದರೂ ಖಾಲಿ ಗಾಳಿ. ಇಲ್ಲಾಂದರೆ 25,000 ವೋಲ್ಟ್ ಕಲ್ಲಿಗೆ ಜಿಗಿಯುತ್ತೆ. ಘಾಟಿಯ ಸುರಂಗದಲ್ಲಿ ನೀರು ಬೇರೆ ತೊಟ್ಟಿಕ್ಕುತ್ತಿರುತ್ತೆ.

ಜಾಗ ಸಾಲದ ಸುರಂಗದಲ್ಲಿ ಜಗತ್ತಿನಾದ್ಯಂತ ಎಂಜಿನಿಯರುಗಳು ಮಾಡೋದು ಮೂರು ಉಪಾಯ. ಹಳಿಯನ್ನೇ ಕೆಳಕ್ಕೆ ಇಳಿಸೋದು. ಚಾವಣಿ ಕೆತ್ತೋದು. ತೂಗಾಡೋ ತಂತಿಯ ಬದಲು ಗಟ್ಟಿ ಲೋಹದ ಪಟ್ಟಿಯನ್ನ ಚಾವಣಿಗೆ ಕೂರಿಸೋದು. ನಮ್ಮ ಮೆಟ್ರೋದವರು ನಾಲ್ಕನೇ ದಾರಿ ಹಿಡಿದರು. ಅಲ್ಲಿ ಮೇಲೆ ತಂತಿಯೇ ಇಲ್ಲ, ಗಮನಿಸಿದ್ದೀರಾ? ಹಳಿಯ ಪಕ್ಕದಲ್ಲಿ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಬರುತ್ತೆ. ಹಾಗೆ ಮಾಡಿದರೆ ಸುರಂಗದ ಎತ್ತರದಲ್ಲಿ ತಂತಿಯ ಪಾಲು ಉಳಿಯುತ್ತೆ.

ಸಕಲೇಶಪುರ ಘಾಟಿಯಲ್ಲಿ ಕೆಲವು ವರ್ಷ ಈ ತಂತಿ ಎಳೆಯೋ ಕೆಲಸ ನಡೆದು, 2025ರ ಕೊನೆಗೆ ಎಲೆಕ್ಟ್ರಿಕ್ ಎಂಜಿನ್ ಪ್ರಾಯೋಗಿಕವಾಗಿ ಓಡಿತು. ಡೀಸೆಲ್ ರೈಲು ಓಡಾಡ್ತಿದ್ದ ದಾರಿಯನ್ನೇ ಮತ್ತೆ ಹೊಸದಾಗಿ ಅಳೆಯಬೇಕಾಯ್ತು ಅಂದರೆ ನೋಡಿ. ಸುರಂಗ ಒಂದು ಸಲ ಕೊರೆದು ಮರೆಯೋ ವಸ್ತು ಅಲ್ಲ. ಪ್ರತಿ ತಲೆಮಾರಿನ ರೈಲೂ ಅದರ ಮುಂದೆ ನಿಂತು ಪರೀಕ್ಷೆ ಬರೀಬೇಕು.

ಅಳೆಯದೆ ಆರ್ಡರ್ ಕೊಟ್ಟವರು

ಇಂಥ ಎಡವಟ್ಟು ನಮ್ಮಲ್ಲೇ ಅಂತ ಅಂದುಕೊಳ್ಳಬೇಡಿ. ಸ್ಪೇನ್ ದೇಶದ ಉತ್ತರಕ್ಕೆ ಅಸ್ಟೂರಿಯಸ್, ಕ್ಯಾಂಟಾಬ್ರಿಯಾ ಅನ್ನೋ ಎರಡು ಗುಡ್ಡಗಾಡು ಪ್ರಾಂತ್ಯಗಳಿವೆ. ನಮ್ಮ ಹಳೇ ಘಾಟಿಯ ಹಾಗೇ ಮೀಟರ್‌ಗೇಜ್ ರೈಲು, 19ನೇ ಶತಮಾನದ ಸುರಂಗಗಳು. 2020ರಲ್ಲಿ ಅಲ್ಲಿಗೆ ಅಂತ 31 ಹೊಸ ರೈಲು ಆರ್ಡರ್ ಮಾಡಿದರು, 25 ಕೋಟಿ ಯೂರೋಗಿಂತ ಹೆಚ್ಚಿನ ಗುತ್ತಿಗೆ. ತಯಾರಕರು ಅಳತೆ ನೋಡಿ, ಈ ಗಾಡಿ ನಿಮ್ಮ ಕೆಲವು ಸುರಂಗಗಳಲ್ಲಿ ಹಿಡಿಯಲ್ಲ ಅಂದರು. 2023ರಲ್ಲಿ ಸುದ್ದಿ ಹೊರಬಿದ್ದು ದೇಶವೆಲ್ಲ ನಕ್ಕಿತು. ರೈಲು ಕಂಪನಿಯ ಮುಖ್ಯಸ್ಥರು, ಸಾರಿಗೆ ಇಲಾಖೆಯ ದೊಡ್ಡ ಅಧಿಕಾರಿ ರಾಜೀನಾಮೆ ಕೊಟ್ಟರು. ಪುಣ್ಯಕ್ಕೆ ಗಾಡಿ ಕಟ್ಟೋಕೆ ಮುಂಚೆ ಗೊತ್ತಾಯ್ತು. ಆದರೆ ಹೊಸ ರೈಲಿಗೆ ಕಾಯ್ತಿದ್ದ ಅಲ್ಲಿನ ಜನ ವರ್ಷಗಟ್ಟಲೆ ಹೆಚ್ಚು ಕಾಯಬೇಕಾಯ್ತು.

ಫ್ರಾನ್ಸ್‌ನಲ್ಲಿ 2014ರಲ್ಲಿ ಇನ್ನೊಂದು. ಹೊಸ ರೈಲು ಅಗಲವಾಗಿ ಬಂದು, ಸುಮಾರು 1,300 ಹಳೇ ಪ್ಲಾಟ್‌ಫಾರ್ಮ್‌ಗಳ ಅಂಚು ಕೆತ್ತಬೇಕಾಯ್ತು. ಸುಮಾರು 5 ಕೋಟಿ ಯೂರೋ ಖರ್ಚು. ಹೊಸ ಪ್ಲಾಟ್‌ಫಾರ್ಮ್‌ಗಳ ಅಳತೆ ತಗೊಂಡಿದ್ದರು, ಹಳೇ ಊರುಗಳ ಹಳೇ ಪ್ಲಾಟ್‌ಫಾರ್ಮ್ ಲೆಕ್ಕಕ್ಕೆ ಬಂದಿರಲಿಲ್ಲ.

ಎರಡರಲ್ಲೂ ಗಮನಿಸಬೇಕಾದದ್ದು ಒಂದೇ. ಕಾಗದದ ಮೇಲೆ ಅಳತೆ ಸರಿಯಿತ್ತು. ತಪ್ಪಿದ್ದು ದೂರದ ಗುಡ್ಡದ, ಸಣ್ಣ ಊರಿನ ಅಳತೆ.

ಜಾಗ ಬಿಟ್ಟವರ ಕಥೆಯೂ ಇದೆ. ಉತ್ತರ ಭಾರತದ ಪಶ್ಚಿಮ ಸರಕು ಕಾರಿಡಾರ್‌ನಲ್ಲಿ ಒಂದರ ಮೇಲೊಂದು ಕಂಟೈನರ್ ಇಟ್ಟು ಗಾಡಿ ಓಡಿಸ್ತಾರೆ. ಎತ್ತರ 7 ಮೀಟರ್ ದಾಟುತ್ತೆ, ತಂತಿ ಏಳೂವರೆ ಮೀಟರ್ ಮೇಲೆ. ಮಾಮೂಲಿ ಅಳತೆಯ ಸುರಂಗದಲ್ಲಿ ಅದು ತಲೆ ಹಾಕೋಕೂ ಆಗಲ್ಲ. ಅದಕ್ಕೆ ಹರಿಯಾಣದ ಅರಾವಳಿ ಬೆಟ್ಟದಲ್ಲಿ ಆ ಅಳತೆಗೇ ಹೊಸ ಸುರಂಗ ಕೊರೆದರು. ನಮ್ಮ ಕಡೆ 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆಗೆ ರೋ-ರೋ ರೈಲು ಶುರುವಾಯ್ತಲ್ಲ, ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿಕೊಂಡು ಹೋಗೋದು, ಅಲ್ಲೂ ಇದೇ ಲೆಕ್ಕ. ಮಟ್ಟಸ ವ್ಯಾಗನ್‌ನ ಎತ್ತರ, ಅದರ ಮೇಲೆ ಲಾರಿಯ ಎತ್ತರ, ಎರಡೂ ಸೇರಿ ಪೆಟ್ಟಿಗೆಯೊಳಗೆ ಇರಬೇಕು.

ಅಷ್ಟೂ ಮಾಡಿ ಪೆಟ್ಟಿಗೆ ಮೀರೋ ಸರಕು ಇರುತ್ತೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಥರದ್ದು. ಅದನ್ನ ಒಡಿಸಿ ಅಂತಾರೆ. ಎಷ್ಟು ಬಿಗಿ ಅನ್ನೋದರ ಮೇಲೆ ಎ, ಬಿ, ಸಿ ಅಂತ ಮೂರು ದರ್ಜೆ. ತೀರಾ ಬಿಗಿಯಾದ ಸಿ ದರ್ಜೆಯದನ್ನ ಹಗಲಲ್ಲೇ, ಜೊತೆಗೆ ಸಿಬ್ಬಂದಿ ಇಟ್ಟುಕೊಂಡು, ನಿಧಾನವಾಗಿ ಸಾಗಿಸ್ತಾರೆ. ಮದುವೆ ಮನೆಗೆ ಬೀರು ಸಾಗಿಸಿದ ಹಾಗೆ. "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ಬಿಡಿ."

ಗಳ ಹಿಡಿದ ಚಿಕ್ಕಪ್ಪ

ನಮ್ಮ ಜಿಲ್ಲೆಯಲ್ಲಿ ರೈಲಿನ ಕಥೆ ಮುಗಿದಿಲ್ಲ. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಹಾಸನದಿಂದ ಬೆಂಗಳೂರಿಗೆ ನೇರ ದಾರಿ ಬಂತು. ಬೇಲೂರಿಗೆ ರೈಲು ಬರುತ್ತೆ ಅನ್ನೋ ಮಾತು ನಮ್ಮೂರಲ್ಲಿ ದಿನಾ ಇದೆ. ಬಂದರೆ ನಮ್ಮೂರ ಹತ್ತಿರದಲ್ಲೇ ಸದ್ದು ಕೇಳಬಹುದು. ಜನ ಕೇಳೋದು ಯಾವಾಗ ಬರುತ್ತೆ, ಎಲ್ಲಿ ನಿಲ್ಲುತ್ತೆ, ಯಾರ ಜಮೀನು ಹೋಗುತ್ತೆ ಅಂತ. ಸರಿಯಾದ ಪ್ರಶ್ನೆಗಳೇ. ಇನ್ನೊಂದು ಪ್ರಶ್ನೆಯನ್ನೂ ಕೇಳೋಣ ಅನ್ನೋದು ನನ್ನ ಆಸೆ. ಕಟ್ಟೋ ಸೇತುವೆ, ಕೊರೆಯೋ ಸುರಂಗ ಎಷ್ಟು ದೊಡ್ಡ ಗಾಡಿಗೆ? ಇವತ್ತಿನದಕ್ಕಾ, ಐವತ್ತು ವರ್ಷದ ಆಚೆಯದಕ್ಕಾ? 1979ರಲ್ಲಿ ಆರಿಸಿಕೊಂಡ ಅಳತೆಗೆ ಬೆಲೆ ತೆತ್ತವರು 1996ರಿಂದ 2007ರವರೆಗೆ ಬದುಕಿದ್ದವರು. ಅಜ್ಜಿಗೆ ಆ ಹನ್ನೊಂದು ವರ್ಷ ಯಾರೂ ವಾಪಸ್ ಕೊಡಲಿಲ್ಲ.

ಚಿಕ್ಕಪ್ಪನ ವಿಷಯ ಹೇಳಿ ಮುಗಿಸ್ತೀನಿ. ಆ ಹುಲ್ಲಿನ ದಿನ ಆದ ಮೇಲೆ ಅವರು ಒಂದು ಬಿದಿರು ಗಳ ಕಡಿದು, ಹೈಟ್ ಗೇಜಿಗಿಂತ ಒಂದು ಗೇಣು ಗಿಡ್ಡ ಮಾಡಿ, ಟ್ರೇಲರ್‌ಗೆ ಕಟ್ಟಿಕೊಂಡಿದ್ದಾರೆ. ಎಲ್ಲೇ ಹುಲ್ಲು ಹೇರಲಿ, ಮೊದಲು ಗಳ ನಿಲ್ಲಿಸ್ತಾರೆ, ಅದರ ತುದಿ ಕಾಣೋವರೆಗೆ ಮಾತ್ರ ಹೇರ್ತಾರೆ. "ಇನ್ನೊಂದು ಸಾಲು ಹಾಕೋಣ ಚಿಕ್ಕಪ್ಪ" ಅಂದರೆ, "ಹಾಕು, ಗೇಟ್ ಹತ್ರ ನೀನೇ ಇಳಿಸು" ಅಂತಾರೆ.

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ. ಅಲ್ಲಿವರೆಗೆ ಸಕಲೇಶಪುರದ ಕಡೆ ರೈಲಲ್ಲಿ ಹೋದರೆ, ಸುರಂಗ ಬಂದಾಗ ಫೋನ್ ಕೆಳಗಿಟ್ಟು ಕಿಟಕಿಯಾಚೆ ನೋಡಿ. ನೋಡಿದರೆ ಸಾಕು, ಕೈ ಮಾತ್ರ ಹೊರಗೆ ಹಾಕಬೇಡಿ. ಆ ಜಾಗ ನಮ್ಮದಲ್ಲ.